ಗಾಡಿಕೊಪ್ಪದ ಮೈದಾನ, ಬಿತ್ತಿದ ಹದಿನೇಳನೇ ದಿನ

ಬೀಜ ಹಳತು ಅಂದರು ಸೆಕ್ರೆಟರಿ ವಾದಿರಾಜರು,
ಪಂದ್ಯಾವಳಿಗೆ ಇನ್ನು ಇಪ್ಪತ್ತಾರೇ ದಿನ.
ನಾನು ಹೂಂ ಅಂದೆ.
ಗಾಂಧಿ ಬಜಾರಿನ ದಸ್ತಗೀರ್ ಸಾಬರ ಅಂಗಡಿಯ ಬೀಜ,
ನಾಲ್ಕು ಮೂಟೆ, ಲಗೇಜ್ ಆಟೋದಲ್ಲಿ ನಾನೇ ತಂದದ್ದು,
ಅಂಗೈಗೆ ಸುರಿದುಕೊಂಡು ಮೂಸಿದ್ದು:
ಒಣಹುಲ್ಲಿನ, ಕೊಂಚ ಜೇನಿನ ವಾಸನೆ. ಹಳತಲ್ಲ.
ಆದರೂ ಹೂಂ ಅಂದೆ.

ಆಯುಧಪೂಜೆಗೆ ಪಂಪಿಗೂ ಕುಂಕುಮ ಇಟ್ಟು
ಮಾರನೇ ದಿನ ಬೆನ್ನಿಗೇರಿಸಿದ್ದೆ.
ಜೇಕು, ನೆಲನೆಲ್ಲಿ, ಮುಟ್ಟಿದರೆ ಮುನಿ,
ಮೊಳೆಯುವ ಮೊದಲೇ ಮುಗಿಸುವ ಔಷಧಿ.
ಔಷಧಿ ಅಂತೀವಿ. ಯಾರ ಕಾಯಿಲೆಗೆ?
ಡಬ್ಬದ ಚೀಟಿ ಅರ್ಧ ಹರಿದಿತ್ತು,
ಎಷ್ಟು ತಿಂಗಳು ಏನೂ ಬಿತ್ತಬಾರದೆಂಬ ಸಾಲು ಉಳಿದರ್ಧದಲ್ಲಿ ಇರಲಿಲ್ಲ.
ಮುಚ್ಚಳಕ್ಕೆ ಒಂದು ಅಳತೆ; ಕೈ ತಡೆಯಲಿಲ್ಲ, ಇನ್ನರ್ಧ ಸುರಿದೆ,
ಸಾರಿಗೆ ಉಪ್ಪು ಸಾಲದು ಅನ್ನಿಸಿದವರ ಹಾಗೆ.

ದೀಪಾವಳಿ ಕಳೆದು ಬಿತ್ತಿದೆವು.
ಗರಿಕೆ ಚಳಿಗೆ ಕಂದುವ ಮುಂಚೆ ಅದರ ಸಂದಿಯಿಂದ
ರೈ ಹುಲ್ಲು ಎದ್ದು ನಿಲ್ಲಬೇಕು, ಅದು ಲೆಕ್ಕ.
ಏಳು ದಿನ. ಒಂಬತ್ತು ದಿನ.
ಹೊಳೆ ಕಡೆಯಿಂದ ಮಂಜು ಬಂದು ಗೋಲ್ ಕಂಬ ನುಂಗುವ ಹೊತ್ತಿಗೆ
ಮಂಡಿಯೂರಿ, ಕೆನ್ನೆ ನೆಲಕ್ಕಿಟ್ಟು ನೋಡಿದರೆ
ಅಲ್ಲೊಂದು ಇಲ್ಲೊಂದು ಎಳೆ,
ಸೊಳ್ಳೆಯ ಕಾಲಿನಷ್ಟು.

ಹತ್ತನೇ ದಿನ ಎರಡು ತೆಂಗಿನ ಕರಟ ತಂದೆ.
ಒಂದಕ್ಕೆ ಮೈದಾನದ ಮಣ್ಣು,
ಇನ್ನೊಂದಕ್ಕೆ ಬೇಲಿಯಾಚೆ, ಸಿಟಿ ಬಸ್ಸು ನಿಲ್ಲುವಲ್ಲಿಯ ಮಣ್ಣು.
ಎರಡಕ್ಕೂ ಅದೇ ಬೀಜ, ಎಣಿಸಿ ಇಪ್ಪತ್ತು.
ರೋಲರ್ ಶೆಡ್ಡಿನ ಕಿಟಕಿಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ.
ಬಸ್ಸಿನ ಮಣ್ಣಲ್ಲಿ ಹದಿನೆಂಟು ಎದ್ದವು, ಕೂಸಿನ ಕೂದಲಿನ ಹಾಗೆ.
ನಮ್ಮದನ್ನು ಕಡ್ಡಿಯಲ್ಲಿ ಕೆದಕಿದೆ:
ಬೀಜ ಒಡೆದಿದೆ. ಬೇರು ಹೊರಟಿದೆ.
ಹೊರಟು, ಬೆಂಕಿಕಡ್ಡಿಯ ತಲೆಯಂತೆ ಊದಿಕೊಂಡು
ಅಲ್ಲೇ ನಿಂತಿದೆ,
ಹೇಳಲು ಬಂದವರು ಹೊಸ್ತಿಲಲ್ಲೇ
ಮಾತು ನುಂಗಿಕೊಂಡ ಹಾಗೆ.

ನಾನೂ ನುಂಗಿಕೊಂಡೆ. ಇನ್ನೂ ಏಳು ದಿನ.

ಹೇಳಿದ್ದು ಹುಲ್ಲು.
ನೆಲಕ್ಕೆ ಕೆನ್ನೆಯಿಟ್ಟರೆ ಕಾಣದ್ದು
ಗ್ಯಾಲರಿಯ ಮೇಲಿನ ಮೆಟ್ಟಿಲಿಂದ ಕಂಡಿತು:
ಬೋಳು, ಬೋಳು, ನಡುವೆ ಕತ್ತರಿಸಿದ ಉಗುರಿನಂಥ ಹಸಿರು,
ಸಾಲು ಸಾಲು, ಎಲ್ಲ ಎಡಕ್ಕೇ ವಾಲಿದವು, ಎಲ್ಲಕ್ಕೂ ಒಂದೇ ಅಂತರ.
ನನ್ನ ಎಡಗಾಲು ಎರಡು ಬೆರಳು ಗಿಡ್ಡ.
ಅದನ್ನು ಊರಿದಾಗಲೆಲ್ಲ ಕೈಯ ಕೊಳವೆ ಜಾರುತ್ತದೆ,
ಔಷಧಿ ಬೀಳದೆ ಒಂದು ಸೀಳು ಉಳಿಯುತ್ತದೆ.
ನಾಲ್ಕು ಎಕರೆಯ ಮೇಲೆ ನನ್ನ ಕುಂಟು
ಹಸಿರು ಅಕ್ಷರದಲ್ಲಿ. ಓದು ಬಾರದವರೂ ಓದಬಹುದು.

ದಸ್ತಗೀರ್ ಸಾಬರು ಅವತ್ತೇ ಬಂದರು, ದುಡ್ಡು ವಾಪಸು ಕೊಡಲು,
ನೋಟುಗಳನ್ನು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡು.
ಪಕ್ಕದಲ್ಲಿ ನಿಂತು ಮೈದಾನ ನೋಡಿದರು.
ನನ್ನ ಕಾಲು ನೋಡಿದರು.
ಗಂಟು ಬಿಚ್ಚದೆ ಜೇಬಿಗೆ ಮರಳಿಸಿ,
"ಹಾಲೇಶಿ, ಇಸ್ತ್ರಿ ಅಂಗಡೀಲಿ ಇದ್ದಿಲು ಪುಡಿ ಸಿಗುತ್ತಾ ನೋಡು.
ವಿಷ ಹೀರ್ಕೊಳ್ಳುತ್ತಂತೆ. ಗೋಲಿನ ಹತ್ರ ಆದ್ರೂ ಉದುರಿಸು,
ಅಲ್ಲಿಗೆ ಬೀಜ ನಾನು ಕೊಡ್ತೀನಿ."
ಅಷ್ಟೇ. ಚಹಾಕ್ಕೂ ನಿಲ್ಲಲಿಲ್ಲ.

ಈಗ ಅಂಗೈ ಕಪ್ಪು, ಉಗುರ ಸಂದಿ ಕಪ್ಪು.
ವಾದಿರಾಜರ ಮನೆ ಎರಡು ತಿರುವಿನಾಚೆ,
ಜಗಲಿಯಲ್ಲಿ ದೀಪ ಇದೆ.
ಕೈ ತೊಳೆಯದೇ ಹೋಗೋಣ ಅಂತಿದ್ದೇನೆ.