ಪೆಟ್ಟಿಗೆಯ ಕೀಲಿಕೈ ಕೊಡುವಾಗ

ತಗೋ ಜಸಿಂತಾ, ಕೀಲಿಕೈ. ಬೀಗ ಸ್ವಲ್ಪ ಹಠಮಾರಿ,
ಎಡಕ್ಕೆ ತಿರುಗಿಸಿ ಒಂದು ಸಲ ಬೈದರೆ ತೆರೆಯುತ್ತದೆ.
ಅಮ್ಮತ್ತಿಯ ಈ ತೋಟದ ಡಿಸ್ಪೆನ್ಸರಿಗೆ ಬರುವ
ಜ್ವರ, ಜಿಗಣೆ, ಕತ್ತಿ ತಾಗಿದ ಬೆರಳು, ಎಲ್ಲ ನಿನಗೆ ಗೊತ್ತಿದ್ದದ್ದೇ.
ಜೇನಿನ ವಿಷಯ ಮಾತ್ರ ಹೇಳಿ ಹೋಗುತ್ತೇನೆ.

ಹೂಮಳೆ ಬಿದ್ದ ಒಂಬತ್ತನೇ ದಿನ
ಕಾಫಿ ಬೆಳ್ಳಗೆ ಬಿರಿದು ವಾಸನೆಗೇ ತಲೆನೋವು ಬರುತ್ತದೆ.
ಒಳ್ಳೆಮೆಣಸಿನ ಕೊಯ್ಲು ಇನ್ನೂ ಮುಗಿದಿರುವುದಿಲ್ಲ.
ಬಿದಿರೇಣಿ ಸಿಲ್ವರ್ ಮರಕ್ಕೆ ಒರಗುತ್ತದೆ.
ಮೇಲೆ ಯಾರ ಮನೆಯಿದೆ ಎಂದು ಏಣಿ ಕೇಳುವುದಿಲ್ಲ.

ಮೊದಲು ಓಡಿಸು. ಗೋಣಿಯೋ ಕಂಬಳಿಯೋ
ತಲೆಗೆ ಹೊದ್ದು ಓಡಲಿ, ಲೈನ್‌ಮನೆಯೊಳಗೆ ಸೇರಿ ಬಾಗಿಲು ಹಾಕಲಿ.
ಕೆರೆಗೆ ಹಾರುವವರನ್ನು ತಡೆ.
ಹೆಜ್ಜೇನಿಗೆ ಕಾಯುವ ತಾಳ್ಮೆಯಿದೆ,
ನಮಗೆ ಅಷ್ಟು ಹೊತ್ತು ಉಸಿರು ಹಿಡಿಯಲಾಗುವುದಿಲ್ಲ.

ಆಮೇಲೆ ಮುಳ್ಳು. ಚಿಮಟ ಹುಡುಕುತ್ತ ಕೂರಬೇಡ.
ಕರುಳನ್ನೇ ಬಿಟ್ಟು ಜೇನು ಸತ್ತಿರುತ್ತದೆ,
ಅದರ ಪುಟ್ಟ ಚೀಲ ಮಾತ್ರ
ಯಜಮಾನ ಹೋದದ್ದು ತಿಳಿಯದ ಆಳಿನಂತೆ
ವಿಷ ಒತ್ತುತ್ತಲೇ ಇರುತ್ತದೆ.
ಉಗುರಿನಿಂದ ಹೆರೆ. ಇಲ್ಲವೇ ಕಾರ್ಡಿನ ಅಂಚಿನಿಂದ.
ಚಾತನ ಬೆನ್ನನ್ನು ಅವನದೇ ಓಟಿನ ಕಾರ್ಡಿನಲ್ಲಿ ಹೆರೆದೆ,
ನಲವತ್ತೊಂದು ಮುಳ್ಳು.
"ಮೂರು ಎಲೆಕ್ಷನ್ ಆಯ್ತು ಸಿಸ್ಟರೇ,
ಇವತ್ತು ಉಪಯೋಗಕ್ಕೆ ಬಂತು" ಅಂದ, ಕಿರುಚಾಟದ ನಡುವೆ.

ಬಳೆ, ಉಂಗುರ ಊದುವ ಮೊದಲೇ ಕಳಚು.
ಸೋಪು ನೀರು. ಬಟ್ಟೆಯಲ್ಲಿ ಸುತ್ತಿದ ಐಸು,
ಬಂಗಲೆಯ ಫ್ರಿಜ್ಜಿನಿಂದ; ಕೇಳಲು ಮುಜುಗರಪಡಬೇಡ.
ಸುಣ್ಣ ಅನ್ನುತ್ತಾರೆ, ಈರುಳ್ಳಿ ಅನ್ನುತ್ತಾರೆ,
ಕಬ್ಬಿಣ ತಿಕ್ಕು ಅನ್ನುತ್ತಾರೆ.
ವಾದಕ್ಕಿಳಿಯಬೇಡ. ಅಂದವರನ್ನೇ ಐಸಿಗೆ ಓಡಿಸು.

ಇಷ್ಟೆಲ್ಲ ಪುಸ್ತಕದಲ್ಲಿದೆ.
ಆ ದಿನ ಎಲ್ಲರೂ ಚಾತನ ಸುತ್ತ.
ರೈಟರ್ ಲಿಗೋರಿ ಹಾಜರಿ ಪುಸ್ತಕದಲ್ಲಿ ಗಾಳಿ ಹಾಕುತ್ತಿದ್ದ.
ಪಾಲಿಗೆ ಕಚ್ಚಿದ್ದು ಒಂದೇ ಒಂದು, ಕಿವಿಯ ಹಿಂದೆ.
ಮೆಣಸಿನ ಚೀಲದ ಪಕ್ಕ ಕೂತು
ಅಂಗೈ ತುರಿಸಿಕೊಳ್ಳುತ್ತಿದ್ದಳು, ಸುಮ್ಮನೆ.
ನಾನು ನೋಡಿದೆ.
ನೋಡಿ, ಚಾತನ ಕಡೆಗೇ ತಿರುಗಿದೆ.
ಇದನ್ನು ಬರೆದುಕೋ.
ಕಿರುಚುವವನಿಗೆ ಉಸಿರಿದೆ, ಜಸಿಂತಾ.

"ಅಕ್ಕಾ" ಅಂದಾಗ ಆ ದನಿ ಅವಳದಾಗಿರಲಿಲ್ಲ.
ತುಟಿ ದಪ್ಪ, ಕುತ್ತಿಗೆಯಲ್ಲಿ ಕೆಂಪು ದದ್ದು,
ಎದೆಯೊಳಗೆ ಹಳೇ ತಿದಿಯ ಸೀಟಿ.
ಪೆಟ್ಟಿಗೆಯಲ್ಲಿ ಅಡ್ರಿನಲಿನ್ ಒಂದೇ ಆಂಪೂಲು.
ಅದರ ತಾರೀಕು ಇರುವೆಯಷ್ಟು,
ನನ್ನ ಕನ್ನಡಕ ಮನೆಯ ಕಿಟಕಿಯಲ್ಲಿ.
ಜೀಪಿನ ಮೊಯ್ದು ಬೆಳಕಿಗೆ ಹಿಡಿದು ಓದಿದ:
"ಇನ್ನೂ ಎರಡು ತಿಂಗಳಿದೆ, ಹಾಕಿ, ಹಾಕಿ."
ತೊಡೆಯ ಹೊರಬದಿಗೆ. ಸೀರೆ ಸರಿಸುವಾಗ
ನಾಚಿಕೊಂಡಳು, ಸಾಯುತ್ತಿದ್ದವಳು.

ಅಂಥವರನ್ನು ನಡೆಸಬೇಡ, ನಿಲ್ಲಿಸಲೂ ಬೇಡ.
ತಲೆ ತಿರುಗಿದರೆ ಮಲಗಿಸಿ ಕಾಲೆತ್ತು,
ಉಸಿರು ಸಿಕ್ಕಿಕೊಂಡರೆ ಒರಗಿಸಿ ಕೂರಿಸು.
ಇಬ್ಬರು ಎತ್ತಿ ಜೀಪಿಗೆ ಹಾಕಿದರು.
ವಿರಾಜಪೇಟೆಯವರೆಗೆ ತಿರುವು ಎಷ್ಟೋ ಗೊತ್ತಿಲ್ಲ,
ನಾನು ಬೇರೆ ಏನನ್ನೋ ಎಣಿಸುತ್ತಿದ್ದೆ.

ಆಸ್ಪತ್ರೆಯವರು ರಾತ್ರಿಯಿಡೀ ಇರಿಸಿಕೊಂಡರು,
ಇಳಿದದ್ದು ಮತ್ತೆ ಏರಬಹುದು ಎಂದು.
ಬೆಳಿಗ್ಗೆ ಕಣ್ಣು ಬಿಟ್ಟು ಪಾಲಿ ಕೇಳಿದ್ದು:
"ನಿನ್ನೆಗೆ ಅರ್ಧ ದಿನ ಬರೀತಾರಾ, ಪೂರ್ತಿಯಾ?"
ಲಿಗೋರಿ ಪೂರ್ತಿ ಬರೆದ. ಚಾತನಿಗೆ ಅರ್ಧ.
ಆ ಜಗಳ ಇನ್ನೂ ಮುಗಿದಿಲ್ಲ,
ನಿನ್ನ ಹತ್ತಿರವೂ ಬಂದೀತು.

ಪೆಟ್ಟಿಗೆಯಲ್ಲಿ ಈಗ ಮೂರು ಆಂಪೂಲುಗಳಿವೆ.
ಮುಚ್ಚಳದ ಒಳಗೆ ತಾರೀಕನ್ನು ದಪ್ಪಕ್ಷರದಲ್ಲಿ ಬರೆದಿದ್ದೇನೆ.
ಮೂಲೆಯಲ್ಲಿ ನನ್ನ ಹಳೇ ಕನ್ನಡಕ.
ನಿನ್ನ ಕಣ್ಣು ಚೆನ್ನಾಗಿದೆ, ಗೊತ್ತು.
ಆದರೂ ಇರಲಿ.