ಉದುರಿದ್ದರ ಲೆಕ್ಕ

ಬ್ಯಾಡಗಿಯ ಆ ಗೋದಾಮಿನಲ್ಲಿ ನಲವತ್ತು ಹೆಂಗಸರು,
ನಲವತ್ತು ಗುಡ್ಡೆ ಮೆಣಸಿನಕಾಯಿ, ಮೂಗಿಗೆ ಬಿಗಿದ ಸೆರಗು.
ನಲವತ್ತೊಂದನೆಯವಳು ನಾನು, ಏಳನೇ ಇಯತ್ತೆ, ಭಾನುವಾರಗಳಲ್ಲಿ ಮಾತ್ರ.
ತೊಟ್ಟು ಮುರಿ, ಬುಟ್ಟಿಗೆ ಹಾಕು. ತೊಟ್ಟು ಮುರಿ.
ಯಾರೂ ಯಾರಿಗೂ ಕಾಯಬೇಕಿಲ್ಲ,
ತಕ್ಕಡಿಯ ತನಕ.
ತಕ್ಕಡಿ ಒಂದೇ.
ತೂಕದ ಪರಸಪ್ಪ ಬೀಡಿ ಸೇದಿ ಮುಗಿಸುವವರೆಗೆ
ಅಷ್ಟೂ ಕೈಗಳು ಉರಿಯುತ್ತ ಸುಮ್ಮನಿದ್ದವು.

ಮುಂದೆ ಧಾರವಾಡದ ಕ್ಲಾಸಿನಲ್ಲಿ ಸರ್ ಬೋರ್ಡಿನ ಮೇಲೆ ಬರೆದರು:
ಎಷ್ಟೇ ಪ್ರೊಸೆಸರ್ ಕೂಡಿಸಿ, ಹಂಚಲಾಗದ ಒಂದು ಚೂರು ಕೆಲಸ
ನಿಮ್ಮ ವೇಗವನ್ನು ಕಟ್ಟಿಹಾಕುತ್ತದೆ.
ಎಲ್ಲರೂ ಬರೆದುಕೊಂಡರು.
ನನಗೆ ಬೀಡಿಯ ವಾಸನೆ ಬಂತು.

ಮೂವತ್ತೊಂದು ವರ್ಷ ಅದೇ ಕೆಲಸ.
ಮೊದಲು ಎಂಟು ಪ್ರೊಸೆಸರಿನ ಬೂದು ಪೆಟ್ಟಿಗೆ;
ಮೇ ತಿಂಗಳಲ್ಲಿ ಅದಕ್ಕೆ ಫ್ಯಾನು, ನನಗಿಲ್ಲ.
ಆಮೇಲೆ ಅರವತ್ತನಾಲ್ಕು. ಆಮೇಲೆ ಎಣಿಸುವುದು ಬಿಟ್ಟೆ.
ಮೋಡಗಳನ್ನು ಚೌಕ ಚೌಕ ಕೊಯ್ದು ಹಂಚಿದೆ,
ಪಕ್ಕದ ಚೌಕಕ್ಕೆ ಅಂಚಿನ ಸುದ್ದಿ ಮುಟ್ಟಿಸಲು ಕಲಿಸಿದೆ.
ಹಿಂದೆ ಬಿದ್ದ ಒಂದಕ್ಕಾಗಿ ಉಳಿದವೆಲ್ಲ ಕಾಯುವ ರಾತ್ರಿಗಳಲ್ಲಿ
ಸಪ್ತಾಪುರದ ಕೋಣೆಯಲ್ಲಿ ನನ್ನ ಚಹಾ ಆರಿತು.

ಒಂದು ವರ್ಷ ಮಾತ್ರ ಸೋತುಹೋಗಿದ್ದೆ.
ಅದೇ ಪ್ರೋಗ್ರಾಮು, ಅದೇ ಮೋಡ,
ಹದಿನಾರಕ್ಕೆ ಹಂಚಿದರೆ ಒಂದು ಮೊತ್ತ, ಮೂವತ್ತೆರಡಕ್ಕೆ ಇನ್ನೊಂದು.
ಕೂಡುವ ಸರದಿ ಬದಲಾದರೆ ಉತ್ತರವೂ ಬದಲಾದೀತೆಂದು
ಏಳನೇ ಇಯತ್ತೆಯ ಮಾಸ್ತರರು ಹೇಳಿರಲಿಲ್ಲ.
ದೊಡ್ಡ ಸಂಖ್ಯೆಗೆ ಸಣ್ಣದನ್ನು ಕೂಡಿಸುವಾಗ
ಸಣ್ಣದರ ಬಾಲ ಉದುರುತ್ತದೆ. ಸದ್ದಿಲ್ಲ.
ಕೋಟಿ ಸಲ ಉದುರಿದರೆ ಒಂದೂರಿನ ಮಳೆ.

ಆಗ ನೆನಪಾದವಳು ಕಾಶೀಂಬಿ.
ತಕ್ಕಡಿಯ ಕೆಳಗೆ ಚೆಲ್ಲಿದ ಬೀಜ, ಪುಡಿ, ಸಿಪ್ಪೆ
ಮೊರಕ್ಕೆ ಬಳಿದು ಮುಂದಿನ ಚೀಲಕ್ಕೆ ಸುರಿಯುವವಳು.
ಇದರ ತೂಕ ಎಲ್ಲಿ ಬರಿತಾರ ಅಂತ ಕೇಳಿದ್ದೆ.
"ಈ ಚೀಲದಾಗ ಹೋತು ಖರೆ,
ಮುಂದಿನ ಚೀಲದಾಗ ಐತಲ್ಲವಾ."

ಉಪಾಯ ನನ್ನದಲ್ಲ, ಪುಸ್ತಕಗಳಲ್ಲಿ ಮೊದಲೇ ಇತ್ತು:
ಉದುರಿದ್ದನ್ನು ಬೇರೆ ಹಿಡಿದಿಡು, ಮುಂದಿನ ಅಂಕಿಗೆ ಸೇರಿಸು.
ನಾಲ್ಕು ಸಾಲು.
ಹಿಡಿದಿಡುವ ಜಾಗಕ್ಕೊಂದು ಹೆಸರು ಬೇಕಿತ್ತು, ಅವಳದನ್ನೇ ಇಟ್ಟೆ.
ಮೊತ್ತಗಳು ಹತ್ತಿರ ಬಂದವು; ಕೂದಲೆಳೆಯಷ್ಟು ಹಟ ಬಿಡಲಿಲ್ಲ,
ಅದನ್ನೂ ಬರೆದಿಟ್ಟಿದ್ದೇನೆ.

ಮೊನ್ನೆ ಟೇಬಲ್ಲು ಖಾಲಿ ಮಾಡುವಾಗ
ನರೇಗಲ್ಲಿನ ಹೊಸ ಹುಡುಗ ಪರದೆ ತೋರಿಸಿ ಕೇಳಿದ:
"ಮೇಡಂ, ಇದು ಯಾವುದರ ಶಾರ್ಟ್ ಫಾರ್ಮ್?"
ಹೇಳಲು ಬಾಯಿ ತೆರೆದೆ.
ಸೀನು ಬಂತು.