ಷರಾ

ಫೈಲಿನ ಹೆಸರು: ಆಟ, ಕರಡು ಒಂಬತ್ತು.
ಮೊದಲ ಪುಟ, ಮೊದಲ ಖಾನೆ: ಆಟದ ಪ್ರಕಾರ.
ತೌಸೀಫ ಅದನ್ನು ಓದುವುದು ಜಾತಿ ಅಂತ.
ಮೂರು ದಿನದಿಂದ ಅಲ್ಲೇ ಮಿಣುಕುತ್ತಿದೆ ಕರ್ಸರು,
ಹಾಜರಿಯಲ್ಲಿ ಹೆಸರು ಬಾರದ ಹುಡುಗನ ಹಾಗೆ.

ಓಡುವುದೋ, ಹೊಡೆಯುವುದೋ, ಒಗಟೋ, ಒಕ್ಕಲುತನವೋ?
ಒಂದಕ್ಕೆ ಮಾತ್ರ ಟಿಕ್ ಹಾಕಿರಿ, ಎನ್ನುತ್ತದೆ
ದುಡ್ಡು ಹಾಕುವವರು ಕಳಿಸಿದ ನಮೂನೆ.
"ಇತರೆ ಅಂತ ಹಾಕಿಬಿಡ" ಅಂದ ತೌಸೀಫ,
ಚುರಮರಿಯೊಳಗಿನ ಪುಠಾಣಿ ಮಾತ್ರ ಆರಿಸಿ ತಿನ್ನುತ್ತ.

ಬಾಗಲಕೋಟೆ, ನವನಗರ, ಎರಡನೇ ಮಹಡಿ.
ಓಣಿಗೆ ಹೆಸರಿಲ್ಲ, ಸೆಕ್ಟರಿಗೆ ನಂಬರಿದೆ.
ಕೆಳಗೆ ಪಂಕ್ಚರ್ ಅಂಗಡಿ. ಕರೆಂಟು ಹೋದರೆ
ನಮ್ಮ ಪ್ರಪಂಚವೂ ಹೋಗುತ್ತದೆ, ಸೇವ್ ಮಾಡಿರದಿದ್ದರೆ.

ಕಥೆ ಇಷ್ಟು:
ನೀವೊಬ್ಬ ಟಪಾಲಿನವಳು. ಚೀಲದಲ್ಲಿ ನೂರಾ ನಲವತ್ತು ಕಾಗದ.
ವಿಳಾಸವೆಲ್ಲ ಹಿನ್ನೀರಿನ ಕೆಳಗೆ.
ಬೇಸಿಗೆಯಲ್ಲಿ ನೀರಿಳಿದಾಗ ಇದು ನಡೆಯುವ ಆಟ,
ನೀರೇರಿದಾಗ ಮುಳುಗಿ ಈಜುವ ಆಟ,
ರಾತ್ರಿ ಹೆದರಿಸುವ ಆಟ. ದೆವ್ವ ಇಲ್ಲ;
ಹೆದರಿಕೆ ಅಂದರೆ ಓಣಿಯ ಹೆಸರು
ನಾಲಿಗೆಯ ತುದಿಗೆ ಬಂದು ವಾಪಸು ಹೋಗುವುದು.
ನಡುವೆ ಅಡುಗೆ. ಯಾಕೆ ಅಂತ ಇನ್ನೂ ಬರೆದಿಲ್ಲ.
ತೌಸೀಫ ರೊಟ್ಟಿ ಬಡಿಯುವ ಸಪ್ಪಳ ರೆಕಾರ್ಡ್ ಮಾಡಿ ತಂದಿದ್ದಾನೆ,
ಎಲ್ಲಾದರೂ ಹಾಕಲೇಬೇಕು.

ಹನ್ನೊಂದನೇ ಪುಟದಲ್ಲಿ ಸಿಕ್ಕಿಬಿದ್ದೆವು.
ಮುಳುಗಿದವಳು ಒಗಟು ಬಿಡಿಸುತ್ತ ನಿಂತರೆ ಉಸಿರು ಮುಗಿಯುತ್ತದೆ,
ಉಸಿರು ಮುಗಿಯದಂತೆ ಮಾಡಿದರೆ ಹೆದರಿಕೆ ಮುಗಿಯುತ್ತದೆ.
ಒಂದಾಟದ ನಿಯಮ ಇನ್ನೊಂದರ ಕಾಲು ತುಳಿಯುತ್ತದೆ.
ಚೌಕ, ಬಾಣ; ಅಳಿಸು; ಮತ್ತೆ ಬಾಣ.

ಬಾಡಿಗೆ ಕೇಳಲು ಬಂದರು ಮುರಿಗೆಪ್ಪ ಕಾಕಾ.
ಮುಳುಗಡೆ ಆಫೀಸಿನಲ್ಲಿ ಸರ್ವೆ ಗುಮಾಸ್ತರಾಗಿದ್ದವರು.
ಚಾಳೀಸು ಹಣೆಗೇರಿಸಿ ತುಸು ಹೊತ್ತು ಪರದೆ ನೋಡಿ,
"ಇದರಾಗ ಷರಾ ಕಾಲಮ್ಮ ಎಲ್ಲೈತಿ?" ಅಂದರು.

ಕೂತೇಬಿಟ್ಟರು.
ಟೇಪು ಹಿಡಿದು ಓಣಿ ಓಣಿ ಅಳೆದದ್ದು:
ಗೋಡೆ ಇಷ್ಟು ಫೂಟು, ಬಾಗಿಲು ಎರಡು, ಹಗೇವು ಒಂದು,
ಬೇವಿನ ಗಿಡ ಒಂದು, ಸುತ್ತಳತೆ ಸಹಿತ.
ಎಲ್ಲಕ್ಕೂ ದರ ಇತ್ತು.
"ದರ ಇಲ್ಲದ್ದನ್ನ ಷರಾದಾಗ ಬರೀತಿದ್ದೆ.
ಸಾಹೇಬರು ಓದತಿರಲಿಲ್ಲ.
ಹಿತ್ತಲ ಬಾಗಲಾ ತಗದ್ರ ಬಾಂಗು ಕೇಳತೈತಿ.
ಮೂರನೇ ಪಾವಟಿಗಿ ಸವದೈತಿ, ಕುಂತು ಕುಂತು.
ಮುದುಕಿ ಅಳತಿ ಮಾಡಾಕ ಬಿಡಲಿಲ್ಲ. ಮಜ್ಜಿಗಿ ಕೊಟ್ಟಳು."

ತೌಸೀಫನ ಕೈ ಪುಠಾಣಿಯ ಮೇಲೆ ಹಾಗೇ ನಿಂತಿತು.

ಏನನ್ನೂ ಅಳಿಸಲಿಲ್ಲ. ಒಂದು ಖಾನೆ ಕೂಡಿಸಿದೆವು.
ಕಾಗದ ತಲುಪಲು ಇನ್ನು ಮನೆ ನಂಬರು ಸಾಲದು.
ಮುಳುಗಿ ನೋಡಬೇಕು, ಮೇಲೆದ್ದು ದಂಡೆಯಲ್ಲಿ ಬರೆಯಬೇಕು,
ಉಸಿರು ನೀರೊಳಗೆ, ಒಗಟು ಒಣ ನೆಲದಲ್ಲಿ.
ಅಡುಗೆಗೂ ಕಾರಣ ಸಿಕ್ಕಿತು:
ಮಜ್ಜಿಗೆ ಕೊಟ್ಟವಳಿಗೆ ಬಿಸಿ ರೊಟ್ಟಿ ಮುಟ್ಟಿಸುವುದು ಬಾಕಿ ಇದೆ.

ಕೊನೆಯ ಪುಟ. ಸೋಲುವುದು ಹೇಗೆ:
ಷರಾ ಖಾಲಿ ಬಿಟ್ಟು 'ಮುಂದಿನ ಮನೆ' ಒತ್ತಿದರೆ.
ಆಟ ನಿಲ್ಲುವುದಿಲ್ಲ. ಕೆಂಪು ಅಕ್ಷರ ಬರುವುದಿಲ್ಲ.
ಅಂಕ ಕಡಿಮೆಯಾಗುವುದಿಲ್ಲ.
ದರ ಸರಿಯಾಗಿ ಜಮಾ ಆಗುತ್ತದೆ.

ಕಾಕಾ ಇಳಿದು ಹೋದವರು ಬಾಡಿಗೆ ನೆನಪಾಗಿ
ಮತ್ತೆ ಹತ್ತಿ ಬಂದರು. ಕೊಟ್ಟೆ, ಇನ್ನೂರು ಕಡಿಮೆ.
ಅವರು ಎಣಿಸುವಷ್ಟರಲ್ಲಿ ಮೊದಲ ಪುಟಕ್ಕೆ ಹೋಗಿ
ಪ್ರಕಾರದ ಮುಂದೆ ಬರೆದೆ: ಷರಾ ನೋಡಿ.
ಸೇವ್ ಮಾಡಿದೆ, ಎರಡು ಸಲ.

ಕೆಳಗೆ ಅಂಗಡಿಯವನು ಟ್ಯೂಬನ್ನು
ತಗಡಿನ ಬುಟ್ಟಿಯ ನೀರಿಗೆ ಅದ್ದಿ, ತಿರುಗಿಸಿ, ಅದ್ದಿ,
ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು
ಬಗ್ಗಿ ನೋಡುತ್ತಿದ್ದಾನೆ.